ಪಿಯುಸಿ ರಜೆಯಲ್ಲಿ ನಿಜವಾದ ಸಂಶೋಧನೆ ಮಾಡಬಹುದಾ? ಎಲ್ಲಿ, ಯಾರನ್ನು ಕೇಳಬೇಕು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಮೊದಲ ಪಿಯುಸಿ, ಪಿಸಿಎಂಬಿ. ವಾರ್ಷಿಕ ಪರೀಕ್ಷೆ ಮುಗಿದಿದೆ. ಎರಡನೇ ಪಿಯು ಶುರುವಾಗುವವರೆಗೆ ಬಿಡುವಿದೆ. ಈ ಬಿಡುವಿನಲ್ಲಿ ಯಾರಾದರೂ ವಿಜ್ಞಾನಿಗಳ ಹತ್ತಿರ ಕೆಲಸ ಕಲಿಯಬೇಕು ಅಂತ ಆಸೆ. ಲ್ಯಾಬ್ ನೋಡಿಕೊಂಡು ಬರುವುದಷ್ಟೇ ಅಲ್ಲ. ಒಂದು ಪ್ರಶ್ನೆ ಹಿಡಿದು ಅದರ ಹಿಂದೆ ಹೋಗಬೇಕು.

ಹುಡುಕಿದರೆ ಬೆಂಗಳೂರಿನ ದೊಡ್ಡ ದೊಡ್ಡ ಸಂಸ್ಥೆಗಳ ಬೇಸಿಗೆ ಕಾರ್ಯಕ್ರಮಗಳು ಸಿಗುತ್ತವೆ. ಆದರೆ ಎಲ್ಲದರಲ್ಲೂ ‘ಬಿಎಸ್ಸಿ ಓದುತ್ತಿರಬೇಕು’ ಅಂತಲೇ ಇದೆ. ಕಾಲೇಜಿನಲ್ಲಿ ಕೇಳಿದರೆ ‘ಮೊದಲು ಸಿಇಟಿ ಕಡೆ ಗಮನ ಕೊಡಮ್ಮ’ ಅಂದರು.

ನಮ್ಮದು ಅಡಿಕೆ ತೋಟ. ಎಲೆಚುಕ್ಕಿ ರೋಗ ಬಂದ ಮೇಲೆ ಅಪ್ಪ, ಚಿಕ್ಕಪ್ಪ ಇಬ್ಬರಿಗೂ ಅದೇ ಚಿಂತೆ. ಅದರ ಬಗ್ಗೆ ನನ್ನ ಕೈಲಿ ಏನಾದರೂ ಮಾಡಲು ಆಗುತ್ತಾ? ಅಥವಾ ಬೆಂಗಳೂರಿಗೇ ಹೋಗಬೇಕಾ? ದಯವಿಟ್ಟು ತಿಳಿದವರು ಹೇಳಿ.

ಲ್ಯಾಬ್‌ಕೋಟು:

ತುಂಗಾತೀರ, ನಾನು ಬೆಂಗಳೂರಿನಲ್ಲಿ ಜೀವವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೊದಲು ಈಗಿನ ಪರಿಸ್ಥಿತಿ ಹೇಳುತ್ತೇನೆ, ಆಮೇಲೆ ದಾರಿ ಹುಡುಕೋಣ.

ನೀನು ನೋಡಿದ್ದು ಸರಿ. ಭಾರತೀಯ ವಿಜ್ಞಾನ ಅಕಾಡೆಮಿಯ ಬೇಸಿಗೆ ಫೆಲೋಶಿಪ್ ಕಾಲೇಜು ವಿದ್ಯಾರ್ಥಿಗಳಿಗೆ ಮತ್ತು ಅಧ್ಯಾಪಕರಿಗೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ರಸಾಯನ ಮತ್ತು ಜೀವವಿಜ್ಞಾನಕ್ಕೆ ಒಳ್ಳೆಯ ಕಾರ್ಯಕ್ರಮಗಳಿವೆ. ಅವು ಬಿಎಸ್ಸಿ ಸೇರಿದವರಿಗೆ. ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಹಾಗೇ. ಈ ಹೆಸರುಗಳನ್ನು ಬರೆದಿಟ್ಟುಕೋ, ಇನ್ನೆರಡು ವರ್ಷಕ್ಕೆ ಬೇಕಾಗುತ್ತವೆ. ಆಗ ಒಂದು ನೆನಪಿರಲಿ. ಬೇಸಿಗೆಯ ಕೆಲಸಕ್ಕೆ ಅರ್ಜಿ ಎಷ್ಟೋ ಕಡೆ ಹಿಂದಿನ ವರ್ಷದ ಕೊನೆಯಲ್ಲೇ ಮುಗಿದಿರುತ್ತದೆ. ಏಪ್ರಿಲ್‌ನಲ್ಲಿ ಹುಡುಕಲು ಶುರು ಮಾಡುವವರಿಗೆ ಹೆಚ್ಚೇನೂ ಉಳಿದಿರುವುದಿಲ್ಲ.

ಪಿಯು ಮಕ್ಕಳಿಗೂ ಮೊದಲು ಕೆವಿಪಿವೈ ಅನ್ನುವ ವಿಜ್ಞಾನ ಫೆಲೋಶಿಪ್ ಪರೀಕ್ಷೆ ಇತ್ತು. 1999ರಲ್ಲಿ ಶುರುವಾಗಿದ್ದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿಯೇ ನಡೆಸುತ್ತಿತ್ತು. 2022ರಲ್ಲಿ ಅದನ್ನು ಕೇಂದ್ರ ಸರ್ಕಾರದ ಇನ್‌ಸ್ಪೈರ್ ಅನ್ನುವ ವಿಜ್ಞಾನ ಪ್ರೋತ್ಸಾಹ ಯೋಜನೆಯ ಜೊತೆ ಸೇರಿಸಿ ಪರೀಕ್ಷೆ ನಿಲ್ಲಿಸಿದರು. ಹಳೆಯ ಲೇಖನಗಳಲ್ಲಿ ಆ ಹೆಸರು ಇನ್ನೂ ಬರುತ್ತದೆ, ಅದರ ಹಿಂದೆ ಅಲೆಯಬೇಡ.

ಲ್ಯಾಬಿನವರು 18 ತುಂಬದವರನ್ನು ಯಾಕೆ ಸೇರಿಸಿಕೊಳ್ಳುವುದಿಲ್ಲ? ಆಸಿಡ್ಡು, ಲೇಸರ್, ಸೂಕ್ಷ್ಮಾಣುಗಳ ನಡುವೆ ಏನಾದರೂ ಆದರೆ ಹೊಣೆ ಅವರದ್ದು. ಇನ್ನೊಂದು ಕಾರಣ ಸಮಯ. ಪಿಪೆಟ್ ಸರಿಯಾಗಿ ಹಿಡಿಯುವುದು, ಒಂದು ಪ್ರಯೋಗ ಕೈಗೆ ಹತ್ತುವುದು, ಇದಕ್ಕೇ ವಾರಗಟ್ಟಲೆ ಬೇಕು. ಅಷ್ಟರಲ್ಲಿ ರಜೆ ಮುಗಿಯುತ್ತದೆ. ಕಲಿಸಿದ ಪಿಎಚ್‌ಡಿ ವಿದ್ಯಾರ್ಥಿಯ ಕೆಲಸವೂ ಹಿಂದೆ ಬಿದ್ದಿರುತ್ತದೆ. ಹಾಗಾಗಿ ‘ನಿಮ್ಮ ಲ್ಯಾಬಿನಲ್ಲಿ ಇಂಟರ್ನ್‌ಶಿಪ್ ಕೊಡಿ’ ಅಂತ ಹೈಸ್ಕೂಲು, ಪಿಯು ಮಕ್ಕಳು ಬರೆಯುವ ಇಮೇಲ್‌ಗಳಿಗೆ ಉತ್ತರ ಬರುವುದು ಅಪರೂಪ. ಅದು ಅವಮಾನ ಅಲ್ಲ.

ಒಂದು ಅಪವಾದ ಹೇಳಲೇಬೇಕು. ಕನಕಪುರ ರಸ್ತೆಯ ಕಡೆ ರಾವುಗೋಡ್ಲುವಿನಲ್ಲಿ ‘ಪ್ರಯೋಗ’ ಅನ್ನುವ ಶಿಕ್ಷಣ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನ ‘ಅನ್ವೇಷಣಾ’ ಕಾರ್ಯಕ್ರಮ ಶಾಲಾ ಮಕ್ಕಳಿಗಾಗಿಯೇ ಇರುವುದು. ಮಕ್ಕಳು ಅಲ್ಲಿನವರ ಜೊತೆ ಲ್ಯಾಬಿನಲ್ಲಿ ಕೂತು ನಿಜವಾದ ಪ್ರಶ್ನೆಯ ಮೇಲೆ ಕೆಲಸ ಮಾಡುತ್ತಾರೆ. ವಿಚಾರಿಸು.

ಆದರೆ ನಿನಗೆ ನನ್ನ ಉತ್ತರ ಬೇರೆ. ನಿನ್ನ ಪ್ರಶ್ನೆ ನಿನ್ನ ತೋಟದಲ್ಲಿದೆ. ಅದನ್ನು ಬಿಟ್ಟು ಬೆಂಗಳೂರಿಗೆ ಬಂದು ಬೇರೆಯವರ ಪ್ರಶ್ನೆಗೆ ಟ್ಯೂಬ್ ತೊಳೆಯುವ ಅಗತ್ಯ ಈಗಲೇ ಇಲ್ಲ.

ಕೊಪ್ಪಳದ ಮೇಷ್ಟ್ರು:

ಲ್ಯಾಬ್‌ಕೋಟು ಮೇಡಂ ಹೇಳಿದ್ದು ಸರಿ. ನಾನು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. 8, 9ನೇ ತರಗತಿ ಮಕ್ಕಳು, ಅವರ ತಂದೆತಾಯಿ ಇದನ್ನು ಓದುತ್ತಿದ್ದರೆ ಅವರಿಗಾಗಿ ಇನ್ನೂ ಸ್ವಲ್ಪ ಹೇಳಬೇಕು. ಅವರ ವಯಸ್ಸಿನ ಅವಕಾಶಗಳು ಒಂದು ವರ್ಷ ತಪ್ಪಿದರೆ ಮತ್ತೆ ಸಿಗುವುದಿಲ್ಲ.

ಇಸ್ರೊದವರ ‘ಯುವಿಕಾ’ 2019ರಿಂದ ಇದೆ. 9ನೇ ತರಗತಿಯ ಮಕ್ಕಳಿಗೆ ಮಾತ್ರ. ಮೇ ತಿಂಗಳಲ್ಲಿ ಸುಮಾರು ಎರಡು ವಾರ ಇಸ್ರೊ ಕೇಂದ್ರಗಳಲ್ಲೇ ಉಳಿದು ಕಲಿಯುವುದು. ಪ್ರಯಾಣ, ಊಟ, ವಸತಿ ಎಲ್ಲ ಅವರದ್ದೇ. 8ನೇ ತರಗತಿಯ ಅಂಕ, ಆನ್‌ಲೈನ್ ಕ್ವಿಜ್, ವಿಜ್ಞಾನ ಮೇಳ, ಸ್ಕೌಟ್ಸ್, ಎನ್‌ಸಿಸಿ ಎಲ್ಲ ನೋಡುತ್ತಾರೆ. ಹಳ್ಳಿ ಶಾಲೆಯ ಮಕ್ಕಳಿಗೆ ಹೆಚ್ಚುವರಿ ಅಂಕ ಉಂಟು. ಇದು ನಮ್ಮ ಮಕ್ಕಳಿಗೆ ದೊಡ್ಡ ಬಲ. ಆದರೆ ಅರ್ಜಿ ಹಾಕುವ ಸಮಯ ಫೆಬ್ರವರಿ, ಮಾರ್ಚ್ ಸುಮಾರಿಗೆ ಬಂದು ಬೇಗ ಮುಗಿಯುತ್ತದೆ. ಶಾಲೆಯಲ್ಲಿ ಆಗ ಪರೀಕ್ಷೆಯ ಗಡಿಬಿಡಿ. ಎಷ್ಟೋ ಕಡೆ ಯಾರೂ ಹೇಳುವುದೇ ಇಲ್ಲ. ಹಾಗಾಗಬಾರದು.

‘ಇನ್‌ಸ್ಪೈರ್ ಮಾನಕ್’ಗೆ ಶಾಲೆಯಿಂದ ಐದು ಮಕ್ಕಳವರೆಗೆ ಹೊಸ ಆಲೋಚನೆಗಳನ್ನು ಕಳಿಸಬಹುದು. ಆಯ್ಕೆಯಾದರೆ ಮಗುವಿನ ಖಾತೆಗೆ 10,000 ರೂಪಾಯಿ ಬರುತ್ತದೆ, ಅದರಲ್ಲಿ ಮಾದರಿ ಮಾಡಬೇಕು. ಮುಖ್ಯೋಪಾಧ್ಯಾಯರು ನೋಂದಣಿ ಮಾಡಿದರೆ ಮಾತ್ರ ಆಗುತ್ತದೆ. ಮಕ್ಕಳೇ ಹೋಗಿ ನೆನಪಿಸಿ, ತಪ್ಪೇನಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಮಕ್ಕಳ ವಿಜ್ಞಾನ ಸಮಾವೇಶ. 1993ರಿಂದ ದೇಶದಾದ್ಯಂತ ನಡೆದು ಬಂದಿದೆ. ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸುತ್ತದೆ. ‘ಬಾಲ ವಿಜ್ಞಾನ’ ಮಾಸಪತ್ರಿಕೆ ತರುವವರು ಅವರೇ. 10ರಿಂದ 17 ವರ್ಷದ ಮಕ್ಕಳು ಸಣ್ಣ ತಂಡ ಕಟ್ಟಿಕೊಂಡು, ಒಬ್ಬ ಮಾರ್ಗದರ್ಶಿ ಶಿಕ್ಷಕರ ಜೊತೆ ತಮ್ಮ ಊರಿನ ಒಂದು ಸಮಸ್ಯೆಯನ್ನು ಅಳೆದು, ಎಣಿಸಿ, ವರದಿ ಬರೆಯುತ್ತಾರೆ. ಜಿಲ್ಲೆ, ರಾಜ್ಯ, ಆಮೇಲೆ ರಾಷ್ಟ್ರ ಮಟ್ಟ. ವರದಿ ಕನ್ನಡದಲ್ಲೇ ಇರಬಹುದು. ಇಂಗ್ಲಿಷ್ ಬರುವುದಿಲ್ಲ ಅಂತ ಹಿಂಜರಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ತುಂಗಾತೀರ, ನಿನಗೂ ವಯಸ್ಸು ಮೀರಿರಲಿಕ್ಕಿಲ್ಲ. ನಿಮ್ಮ ಕಾಲೇಜಿನಲ್ಲಿ ಯಾರೂ ಮುಂದೆ ಬರದಿದ್ದರೆ ನೀನು ಓದಿದ ಹೈಸ್ಕೂಲಿನ ವಿಜ್ಞಾನ ಶಿಕ್ಷಕರನ್ನು ಕೇಳು.

ಭೌತಶಾಸ್ತ್ರ ಉಪನ್ಯಾಸಕ:

ನಾನು ಪಿಯು ಮಕ್ಕಳಿಗೆ ಪಾಠ ಮಾಡುವವನು. ಕಹಿ ಅನ್ನಿಸಿದರೂ ಹೇಳುತ್ತೇನೆ. ಎಂಜಿನಿಯರಿಂಗ್‌ಗೆ ಸಿಇಟಿ ಜೊತೆ ಎರಡನೇ ಪಿಯು ಅಂಕವೂ ಅರ್ಧಕ್ಕರ್ಧ ಲೆಕ್ಕಕ್ಕೆ ಬರುತ್ತದೆ. ವೈದ್ಯಕೀಯಕ್ಕೆ ನೀಟ್. ಐಸರ್ ಅನ್ನುವ ಕೇಂದ್ರದ ವಿಜ್ಞಾನ ಶಿಕ್ಷಣ ಸಂಸ್ಥೆಗಳಿಗೂ ಪ್ರವೇಶ ಪರೀಕ್ಷೆಯೇ. ಇಲ್ಲೆಲ್ಲೂ ‘ನೀನು ಬೇಸಿಗೆಯಲ್ಲಿ ಏನು ಸಂಶೋಧನೆ ಮಾಡಿದೆ’ ಅಂತ ಯಾರೂ ಕೇಳುವುದಿಲ್ಲ. ಮೊದಲ ಪಿಯು ಪಾಠದಲ್ಲಿ ಉಳಿದ ಸಂದೇಹ ತೀರಿಸಿಕೊಳ್ಳಲು ಇರುವುದು ಈ ಎರಡು ತಿಂಗಳು ಮಾತ್ರ. ಬಡ ಮನೆಯ ಮಗುವಿಗೆ ಒಂದು ಸರ್ಕಾರಿ ಸೀಟು ತಪ್ಪಿದರೆ ಆಗುವ ನಷ್ಟ ನನಗೆ ಗೊತ್ತು. ಉತ್ಸಾಹ ತುಂಬುವವರು ಇದನ್ನೂ ಯೋಚಿಸಬೇಕು.

ಲ್ಯಾಬ್‌ಕೋಟು:

ಸರ್, ನಿಮ್ಮ ಮಾತಿನ ಮೊದಲ ಭಾಗವನ್ನು ಪೂರ್ತಿ ಒಪ್ಪುತ್ತೇನೆ. ಸೀಟಿಗಾಗಿ ಸಂಶೋಧನೆ ಮಾಡುವುದು ನಮ್ಮ ದೇಶದಲ್ಲಿ ಅರ್ಥವಿಲ್ಲದ ಕೆಲಸ. ಯಾರಾದರೂ ಹಾಗೆ ಹೇಳಿ ಹಣ ಕೇಳಿದರೆ ನಂಬಬೇಡಿ. ಸರ್ಟಿಫಿಕೇಟ್ ಬೇಕು ಅಂತ ಹೊರಟವರು ಸಿಇಟಿ ಪುಸ್ತಕ ಹಿಡಿಯುವುದೇ ಒಳ್ಳೆಯದು.

ಆದರೆ ಈ ಹುಡುಗಿ ಕೇಳಿದ್ದು ಸೀಟನ್ನಲ್ಲ. ಅವಳಿಗೆ ಒಂದು ಪ್ರಶ್ನೆ ಇದೆ. ತೋಟದಲ್ಲಿ ದಿನಕ್ಕೆ ಎರಡು ಗಂಟೆ ಕೆಲಸ ಮಾಡಿದರೆ ಓದು ಕೆಡುವುದಿಲ್ಲ. ಗ್ರಾಫ್, ಸರಾಸರಿ, ಶಿಲೀಂಧ್ರ, ಎಲೆಯ ರಚನೆ ಇವೆಲ್ಲ ಅವಳ ಪಠ್ಯದಲ್ಲೇ ಇರುವುದು. ನಮ್ಮಲ್ಲಿ ಪಿಎಚ್‌ಡಿಗೆ ಬರುವ ತುಂಬಾ ಜನ ಒಳ್ಳೆಯ ಅಂಕ ತೆಗೆದವರು. ಆದರೆ ಸ್ವಂತ ಪ್ರಶ್ನೆ ಕೇಳಿ ಅಂದರೆ ಕಷ್ಟಪಡುತ್ತಾರೆ. ಅದರ ಅಭ್ಯಾಸ 16ನೇ ವಯಸ್ಸಿನಲ್ಲಿ ಆದರೆ ಎಷ್ಟು ಒಳ್ಳೆಯದು, ಅಲ್ವಾ?

ಭೌತಶಾಸ್ತ್ರ ಉಪನ್ಯಾಸಕ:

ಬೆಳಗ್ಗೆ ಎರಡು ಗಂಟೆ ಅಂದರೆ ನನ್ನ ತಕರಾರಿಲ್ಲ ಮೇಡಂ. ಒಂದು ಸೇರಿಸುತ್ತೇನೆ. ಓದಿಗೂ ಸಂಶೋಧನೆಯ ಆಸೆಗೂ ಎರಡಕ್ಕೂ ಆಗುವ ದಾರಿ ವಿಜ್ಞಾನ ಒಲಿಂಪಿಯಾಡ್ ಪರೀಕ್ಷೆಗಳು. ಭೌತ, ರಸಾಯನ, ಜೀವ, ಖಗೋಳ ವಿಜ್ಞಾನಗಳ ಮೊದಲ ಸುತ್ತು ನವೆಂಬರ್‌ನಲ್ಲಿ ನಡೆಯುತ್ತದೆ. ಹಂತ ಹಂತವಾಗಿ ಗೆದ್ದವರಿಗೆ ಬೇಸಿಗೆಯಲ್ಲಿ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ಶಿಬಿರ. ಅಲ್ಲಿ ಮಕ್ಕಳ ಕೈಲಿ ಪ್ರಯೋಗ ಮಾಡಿಸುತ್ತಾರೆ. ಹತ್ತನೇ ತರಗತಿಯಲ್ಲಿ ತುಂಬಾ ಒಳ್ಳೆಯ ಅಂಕ ಬಂದವರಿಗೆ ಇನ್‌ಸ್ಪೈರ್‌ನ ಐದು ದಿನದ ವಿಜ್ಞಾನ ಶಿಬಿರಗಳೂ ಉಂಟು. ಹತ್ತಿರದ ಯಾವ ಕಾಲೇಜು ನಡೆಸುತ್ತಿದೆ ಅಂತ ಪ್ರಾಂಶುಪಾಲರನ್ನು ಕೇಳಬೇಕು.

ಮೈಸೂರಿನ ಅಮ್ಮ:

ಹಣದ ವಿಷಯ ಬಂತು, ಹಾಗಾಗಿ ಕೇಳುತ್ತೇನೆ. ನನ್ನ ಮಗ ಹತ್ತನೇ ತರಗತಿ ಮುಗಿಸಿದ್ದಾನೆ. ಒಂದು ಕಂಪನಿಯಿಂದ ಫೋನ್ ಮೇಲೆ ಫೋನ್. ಎಂಟು ವಾರ ಆನ್‌ಲೈನ್ ಸಂಶೋಧನೆ, ವಿದೇಶಿ ವಿಶ್ವವಿದ್ಯಾಲಯದ ಮಾರ್ಗದರ್ಶಕರು, ಕೊನೆಗೆ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟವಾಗುವುದು ಖಚಿತ ಅನ್ನುತ್ತಾರೆ. ಶುಲ್ಕ ಲಕ್ಷದ ಮೇಲೆ. ‘ಇವತ್ತೇ ಕಟ್ಟಿದರೆ ರಿಯಾಯಿತಿ’ ಅಂತ ಬೇರೆ. ಮನೆಯವರು ಕಟ್ಟೋಣ ಅನ್ನುತ್ತಿದ್ದಾರೆ. ನನಗೆ ಯಾಕೋ ಸಮಾಧಾನ ಇಲ್ಲ.

ದೂರದೂರು:

ಅಕ್ಕ, ನಿಮ್ಮ ಅನುಮಾನ ಸರಿಯಾಗಿದೆ. ನಾನು ಅಮೆರಿಕದಲ್ಲಿದ್ದೇನೆ, ನನ್ನ ಮಗಳೂ ಹೈಸ್ಕೂಲಿನಲ್ಲಿದ್ದಾಳೆ. ಇಲ್ಲಿ ಕಾಲೇಜು ಪ್ರವೇಶಕ್ಕೆ ಇಂತಹ ಕೆಲಸಗಳನ್ನು ನೋಡುತ್ತಾರೆ. ಅದಕ್ಕೇ ಈ ವ್ಯಾಪಾರ ಬೆಳೆದಿದೆ, ಈಗ ನಮ್ಮೂರಿಗೂ ಬಂದಿದೆ.

‘ಪ್ರಕಟಣೆ ಖಚಿತ’ ಅನ್ನುವ ಮಾತಿನಲ್ಲೇ ಎಲ್ಲ ಗೊತ್ತಾಗುತ್ತದೆ. ನಿಜವಾದ ಪತ್ರಿಕೆಯಲ್ಲಿ ಆ ವಿಷಯ ಬಲ್ಲವರು ಓದಿ, ತಿದ್ದಿ, ಎಷ್ಟೋ ಸಲ ಬೇಡ ಅನ್ನುತ್ತಾರೆ. ಕೆಲಸ ಶುರುವಾಗುವ ಮೊದಲೇ ಯಾರೂ ಖಚಿತ ಅನ್ನಲು ಸಾಧ್ಯವಿಲ್ಲ. ಮಾರ್ಗದರ್ಶಕರ ಹೆಸರು ಮೊದಲೇ ಹೇಳುತ್ತಾರಾ, ಯಾವ ಪತ್ರಿಕೆ, ಪ್ರಶ್ನೆ ನಿಮ್ಮ ಮಗನದ್ದಾ ಅಥವಾ ಅವರ ಹತ್ತಿರ ತಯಾರಿರುವ ಪಟ್ಟಿಯದ್ದಾ, ಇಷ್ಟು ಕೇಳಿ ನೋಡಿ. ಉತ್ತರ ಬಿಟ್ಟು ಮತ್ತೆ ರಿಯಾಯಿತಿ ಬಗ್ಗೆ ಮಾತಾಡಿದರೆ ಫೋನ್ ಇಟ್ಟುಬಿಡಿ.

ಇಲ್ಲಿ ತುಂಬಾ ಗೌರವ ಇರುವ ಕಾರ್ಯಕ್ರಮಗಳು ಮಕ್ಕಳಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. 1984ರಲ್ಲಿ ಶುರುವಾಗಿ ಈಗ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಡೆಯುವ ಆರ್‌ಎಸ್‌ಐ ಅನ್ನುವ ಬೇಸಿಗೆ ಸಂಶೋಧನಾ ಕಾರ್ಯಕ್ರಮಕ್ಕೆ ಆಯ್ಕೆಯಾದವರಿಗೆ ಶುಲ್ಕವಿಲ್ಲ. ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಸೈಮನ್ಸ್ ಕಾರ್ಯಕ್ರಮಕ್ಕೂ ಇಲ್ಲ, ಆದರೆ ಅದು ಅಮೆರಿಕದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ನಿಮ್ಮ ಮಗ ಅಲ್ಲೇ ಮಾಡಿದ ಕೆಲಸವನ್ನು ದೊಡ್ಡ ವೇದಿಕೆಗೆ ತರಬೇಕು ಅಂದರೆ ಭಾರತದಲ್ಲಿ ಐರಿಸ್ ಅನ್ನುವ ರಾಷ್ಟ್ರೀಯ ವಿಜ್ಞಾನ ಮೇಳ ಇದೆ. ಅಲ್ಲಿ ಗೆದ್ದವರು ಐಸೆಫ್ ಅನ್ನುವ ಅಂತಾರಾಷ್ಟ್ರೀಯ ಮೇಳಕ್ಕೆ ಬರುತ್ತಾರೆ.

ಒಂದು ಎಚ್ಚರಿಕೆ. ಐಸೆಫ್ ನಿಯಮ ತುಂಬಾ ಕಟ್ಟುನಿಟ್ಟು. ಜನರ ಮೇಲೆ ಸಮೀಕ್ಷೆ, ಪ್ರಾಣಿಗಳ ಮೇಲೆ ಪ್ರಯೋಗ, ಬ್ಯಾಕ್ಟೀರಿಯಾ ಅಥವಾ ಬೂಷ್ಟು ಬೆಳೆಸುವುದು ಇವಕ್ಕೆಲ್ಲ ಕೆಲಸ ಶುರು ಮಾಡುವ ಮೊದಲೇ ಒಪ್ಪಿಗೆ ಬೇಕು. ಸೂಕ್ಷ್ಮಾಣುಗಳನ್ನು ಮನೆಯಲ್ಲಿ ಬೆಳೆಸುವಂತೆಯೇ ಇಲ್ಲ. ಆಮೇಲೆ ಅರ್ಜಿ ತುಂಬಿದರಾಯಿತು ಅಂದುಕೊಂಡ ಒಳ್ಳೆಯ ಕೆಲಸಗಳು ಅಲ್ಲೇ ನಿಂತುಹೋಗುತ್ತವೆ.

ಮೈಸೂರಿನ ಅಮ್ಮ:

ತುಂಬಾ ಉಪಕಾರವಾಯಿತು. ಮನೆಯವರಿಗೂ ಓದಿಸಿದೆ. ದುಡ್ಡು ಕಟ್ಟುತ್ತಿಲ್ಲ. ಹಾಗಾದರೆ ಮೈಸೂರಿನಲ್ಲೇ ಏನಾದರೂ ಇದೆಯಾ? ಅವನಿಗೆ ಹಕ್ಕಿ, ಮರ ಅಂದರೆ ಇಷ್ಟ.

ಹಕ್ಕಿನೋಟ:

ಮೇಡಂ, ಹಕ್ಕಿ ಇಷ್ಟ ಇರುವ ಹುಡುಗನಿಗೆ ಮೈಸೂರಿಗಿಂತ ಒಳ್ಳೆಯ ಊರು ಬೇಕಾ! ಕುಕ್ಕರಹಳ್ಳಿ ಕೆರೆ, ಕಾರಂಜಿ ಕೆರೆ, ಲಿಂಗಾಂಬುಧಿ. 2014ರಿಂದ 2016ರವರೆಗೆ ಊರಿನ ಹವ್ಯಾಸಿಗಳೇ ಸೇರಿ ನಗರವನ್ನು ಚೌಕಗಳಾಗಿ ಭಾಗಿಸಿ, ಯಾವ ಚೌಕದಲ್ಲಿ ಯಾವ ಹಕ್ಕಿ ಅಂತ ಗುರುತಿಸಿ ಮೈಸೂರು ಹಕ್ಕಿ ನಕಾಶೆ ಮಾಡಿದರು. ಅದು ಸಂಬಳದ ವಿಜ್ಞಾನಿಗಳೇ ಮಾಡಿದ ಕೆಲಸ ಅಲ್ಲ. ಆ ವಿಧಾನವನ್ನೇ ನಿಮ್ಮ ಮಗ ತನ್ನ ಬಡಾವಣೆಗೆ ಹಾಕಬಹುದು.

ಮರಗಳಿಗೆ ‘ಸೀಸನ್‌ವಾಚ್’ ಇದೆ. 2010ರಿಂದ ನಡೆಯುತ್ತಿದೆ. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂವು, ಕಾಯಿ, ಹಣ್ಣು ಎಷ್ಟಿದೆ ಅಂತ ದಾಖಲಿಸಬೇಕು. ಮಾವು, ಹಲಸು, ಹೊಂಗೆ, ಕಕ್ಕೆ ಎಲ್ಲ ನಡೆಯುತ್ತದೆ. ಇದನ್ನು ನಡೆಸುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಇರುವುದು ಮೈಸೂರಿನಲ್ಲೇ. ಕಕ್ಕೆ ಈ ವರ್ಷ ಬೇಗ ಹೂ ಬಿಟ್ಟಿತು ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ದಿನ ಬೇಗ? ಹಳೆಯ ದಾಖಲೆ ಇದ್ದವರು ಮಾತ್ರ ಹೇಳಬಲ್ಲರು. ಆ ದಾಖಲೆ ಬರೆಯುವವನು ನಿಮ್ಮ ಮಗ ಆಗಲಿ.

ಹಾಗೇ ನಿಮ್ಮೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ ಬಂದಾಗ ಕರೆದುಕೊಂಡು ಹೋಗಿ. ಅಂತಹ ದಿನ ಲ್ಯಾಬಿನವರು ತಾವಾಗಿಯೇ ಮಕ್ಕಳ ಜೊತೆ ಮಾತಾಡುತ್ತಾರೆ. ಬೆಂಗಳೂರಿನವರಿಗೆ ಐಐಎಸ್‌ಸಿಯ ಓಪನ್ ಡೇ ಹಾಗೆಯೇ. ಜನಜಂಗುಳಿ ಇರುತ್ತದೆ. ಎಲ್ಲ ವಿಭಾಗ ಸುತ್ತುವುದು ಬಿಟ್ಟು ಎರಡು ಕಡೆ ಮಾತ್ರ ನಿಂತು ಪ್ರಶ್ನೆ ಕೇಳಿದರೆ ಲಾಭ ಜಾಸ್ತಿ.

ಮಣ್ಣು_ನೀರು:

ತುಂಗಾತೀರ ಪುಟ್ಟಿ, ನಾನು ಕೃಷಿ ವಿಶ್ವವಿದ್ಯಾಲಯದಲ್ಲಿ ಸಸ್ಯರೋಗ ಶಾಸ್ತ್ರದಲ್ಲಿದ್ದು ನಿವೃತ್ತನಾದವನು. ನಿನ್ನ ಪ್ರಶ್ನೆ ಓದಿ ಸಂತೋಷವಾಯಿತು. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

‘ಎಲೆಚುಕ್ಕಿಗೆ ಔಷಧಿ ಹುಡುಕುತ್ತೇನೆ’ ಅಂತ ಹೊರಡಬೇಡ. ಅದು ದೊಡ್ಡ ದೊಡ್ಡ ಸಂಸ್ಥೆಗಳ ಕೆಲಸ, ಅವರೂ ವರ್ಷಗಟ್ಟಲೆ ಮಾಡುತ್ತಿದ್ದಾರೆ. ನೀನು ಒಂದು ಸಣ್ಣ ಪ್ರಶ್ನೆ ಹಿಡಿ. ಉದಾಹರಣೆಗೆ, ತೋಟದ ಅಂಚಿನ ಮರಗಳಲ್ಲಿ ಚುಕ್ಕಿ ಜಾಸ್ತಿಯಾ, ಒಳಗಿನ ಮರಗಳಲ್ಲಾ? ಅಥವಾ, ರೋಗ ಬಂದ ಕೆಳಗಿನ ಸೋಗೆ, ಅಂದರೆ ಅಡಿಕೆ ಗರಿ, ಕೊಯ್ದು ತೆಗೆದ ಸಾಲಿನಲ್ಲಿ ಮಳೆಗಾಲದಲ್ಲಿ ಹೊಸ ಸೋಗೆಗೆ ರೋಗ ಕಡಿಮೆಯಾಗುತ್ತಾ? ಎರಡನೆಯದು ನಿಮ್ಮ ಊರಿನವರೆಲ್ಲ ಜಗಳವಾಡುವ ಪ್ರಶ್ನೆ ಇರಬೇಕು. ಸೋಗೆ ತೆಗೆದರೆ ಫಸಲು ಹೋಗುತ್ತದೆ ಅನ್ನುವ ಭಯ ಬೆಳೆಗಾರರಿಗೆ ಇದ್ದೇ ಇದೆ, ಅದು ಸುಳ್ಳೂ ಅಲ್ಲ. ಅದಕ್ಕೆ ಅಪ್ಪನ ಒಪ್ಪಿಗೆ ಬೇಕು. ಈ ಬೇಸಿಗೆಗೆ ಮೊದಲನೆಯ ಪ್ರಶ್ನೆ ಸಾಕು.

ಈ ರೋಗ ಶಿಲೀಂಧ್ರದಿಂದ ಬರುವುದು. ಗಾಳಿ ಮಳೆಯ ಜೊತೆ ಹರಡುತ್ತದೆ. ಸಾಮಾನ್ಯವಾಗಿ ಕೆಳಗಿನ ಹಳೆಯ ಸೋಗೆಗಳಲ್ಲಿ ಮೊದಲು ಕಾಣುತ್ತದೆ. ಹಾಗಾಗಿ ಬೇಸಿಗೆಯಲ್ಲಿ ನೀನು ಎಣಿಸುವುದು ಕಳೆದ ಮಳೆಗಾಲದ ಗುರುತು. ಮಳೆ ಶುರುವಾದ ಮೇಲೆ ಅದೇ ಮರಗಳನ್ನು ಮತ್ತೆ ಎಣಿಸಿದರೆ ನಿಜವಾದ ಕಥೆ ಸಿಗುತ್ತದೆ. ರಜೆ ಮುಗಿದ ಮೇಲೂ ತಿಂಗಳಿಗೊಂದು ಭಾನುವಾರ ಕೊಡಲು ಸಾಧ್ಯವಾ ಯೋಚಿಸು.

ಮರಗಳನ್ನು ಕಣ್ಣಿಗೆ ಕಂಡಂತೆ ಆರಿಸಬೇಡ. ಕಣ್ಣು ಯಾವಾಗಲೂ ರೋಗ ಜಾಸ್ತಿ ಇರುವ ಮರಕ್ಕೇ ಹೋಗುತ್ತದೆ. ಅಂಚಿನ ಮರಗಳಿಗೆಲ್ಲ ನಂಬರ್ ಹಾಕು, ಚೀಟಿ ಎತ್ತಿ 20 ಆರಿಸು. ಒಳಗಿನ ಮರಗಳಿಗೂ ಹಾಗೇ 20. ಒಂದೊಂದು ಮರದಲ್ಲಿ ಒಟ್ಟು ಸೋಗೆ ಎಷ್ಟು, ಚುಕ್ಕಿ ಇರುವ ಸೋಗೆ ಎಷ್ಟು ಅಂತ ಬರೆ. ಜೊತೆಗೆ 0ರಿಂದ 5ರವರೆಗೆ ಒಂದು ಅಂಕ ಕೊಡು. 0 ಅಂದರೆ ಚುಕ್ಕಿ ಇಲ್ಲ, 5 ಅಂದರೆ ಹೆಚ್ಚುಕಡಿಮೆ ಪೂರ್ತಿ ಒಣಗಿದೆ. ಯಾವ ಅಂಕಕ್ಕೆ ಸೋಗೆ ಹೇಗೆ ಕಾಣುತ್ತದೆ ಅಂತ ಫೋಟೊ ತೆಗೆದು ಮೊದಲೇ ನಿಗದಿ ಮಾಡಿಕೋ. ಎತ್ತರದ ಮರ ಸರಿಯಾಗಿ ಕಾಣದಿದ್ದರೆ ದೋಟಿಯ ತುದಿಗೆ ಫೋನ್ ಕಟ್ಟುವ ಸಾಹಸ ಬೇಡ. ಗಿಡ್ಡ ಮರಗಳಿರುವ ತೋಟದ ಭಾಗದಲ್ಲೇ ಎರಡೂ ಗುಂಪನ್ನು ಆರಿಸು.

ಇದು ತುಂಬಾ ಮುಖ್ಯ. ನೀನು ಅಂಕ ಕೊಟ್ಟ ಮರಗಳಿಗೆ ಮನೆಯ ಇನ್ನೊಬ್ಬರೂ ಅಂಕ ಕೊಡಲಿ. ನಿನ್ನ ಪುಸ್ತಕ ಅವರು ನೋಡಬಾರದು. ಆಮೇಲೆ ಹೋಲಿಸು. ನೀನು 2 ಅಂದ ಕಡೆ ಅವರು 4 ಅಂದಿದ್ದರೆ ನಿಮ್ಮ ಅಳತೆಯೇ ಇನ್ನೂ ಗಟ್ಟಿಯಾಗಿಲ್ಲ ಅಂತ ಅರ್ಥ. ನನ್ನ ಹತ್ತಿರ ಎಂಎಸ್ಸಿ ಮಾಡಲು ಬಂದವರಿಗೂ ನಾನು ಮೊದಲು ಮಾಡಿಸುತ್ತಿದ್ದದ್ದು ಇದನ್ನೇ.

ಔಷಧಿ ಹೊಡೆದ ತಾರೀಖು, ಯಾವ ಔಷಧಿ, ಗೊಬ್ಬರ ಹಾಕಿದ್ದು, ನೆರಳು, ನೀರು ನಿಲ್ಲುವ ಜಾಗ ಎಲ್ಲ ಅಪ್ಪನನ್ನು ಕೇಳಿ ಬರೆದುಕೋ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದ ಲೆಕ್ಕವೂ ಅದರಲ್ಲಿ ಬರಲಿ. ಮನೆಯಲ್ಲಿ ಅಜ್ಜನ ಕಾಲದ ಮಳೆ ಲೆಕ್ಕದ ಪುಸ್ತಕ ಇದೆಯಾ ನೋಡು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇರುತ್ತದೆ. ಅದು ಬಂಗಾರ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ. ಈಚಿನ ವರ್ಷಗಳ ಮಳೆಯನ್ನು ಅವರ ಲೆಕ್ಕದ ಜೊತೆ ಹೋಲಿಸಬಹುದು.

ಮಾಡಬಾರದ್ದು ಎರಡು. ರೋಗದ ಸೋಗೆಯನ್ನು ಬೇರೆ ತೋಟಕ್ಕೆ ಒಯ್ಯಬೇಡ. ಮನೆಯಲ್ಲಿ ಶಿಲೀಂಧ್ರ ಬೆಳೆಸಲು ಹೋಗಬೇಡ.

ಇನ್ನು ಯಾರನ್ನು ಕೇಳುವುದು? ನಿನ್ನ ತೀರ್ಥಹಳ್ಳಿಯ ಸೀಬಿನಕೆರೆಯಲ್ಲೇ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರ ಇದೆ. ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯದ್ದು ಅದು. ಬೇರೆ ಊರಿನ ಮಕ್ಕಳಿಗೂ ಹೇಳುತ್ತೇನೆ, ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರ, ಪುತ್ತೂರಿನಲ್ಲಿ ಗೇರು, ವಿಟ್ಲದಲ್ಲಿ ಅಡಿಕೆ, ಹೆಸರಘಟ್ಟದಲ್ಲಿ ತೋಟಗಾರಿಕೆ, ಹೆಚ್ಚುಕಡಿಮೆ ಎಲ್ಲ ಜಿಲ್ಲೆಯಲ್ಲೂ ಕೃಷಿ ವಿಜ್ಞಾನ ಕೇಂದ್ರ. ನಿಮ್ಮ ಊರಿನ ಹತ್ತಿರವೇ ವಿಜ್ಞಾನಿಗಳು ಇದ್ದಾರೆ. ರೈತರು ಬರುತ್ತಾರೆ, ವಿದ್ಯಾರ್ಥಿಗಳು ಮಾತ್ರ ಬರುವುದಿಲ್ಲ. ಮುಂದೆ ಬಿಎಸ್ಸಿ ಕೃಷಿಗೆ ಹೋಗುವ ಮನಸ್ಸಿದ್ದರೆ ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಗೂ ಈ ಓಡಾಟ ಉಪಯೋಗಕ್ಕೆ ಬರುತ್ತದೆ.

ತುಂಗಾತೀರ:

ಸರ್, ಎಷ್ಟು ಸಲ ಓದಿದೆನೋ. ತುಂಬಾ ಧನ್ಯವಾದ. ಮಳೆ ಪುಸ್ತಕ ಇದೆ! ದೊಡ್ಡಪ್ಪನ ಮನೆಯಲ್ಲಿ. ಅಂಚು ಮತ್ತು ಒಳಗಿನ ಮರಗಳ ಪ್ರಶ್ನೆಯನ್ನೇ ಹಿಡಿಯುತ್ತೇನೆ. ಸೀಬಿನಕೆರೆಗೆ ಹೋಗಲು ಧೈರ್ಯ ಸಾಲುತ್ತಿಲ್ಲ. ಏನು ಅಂತ ಹೇಳಿಕೊಳ್ಳಲಿ? ಮೊದಲು ಪತ್ರ ಬರೆಯಬೇಕಾ?

ಲ್ಯಾಬ್‌ಕೋಟು:

ಬರೆ. ಒಂದೇ ಪುಟ. ‘ಬಾಲ್ಯದಿಂದಲೂ ವಿಜ್ಞಾನದಲ್ಲಿ ಅಪಾರ ಆಸಕ್ತಿ’ ಅನ್ನುವ ಸಾಲೆಲ್ಲ ಬಿಡು. ಏನು ನೋಡಿದ್ದೀಯ, ಏನು ಮಾಡಲು ಹೊರಟಿದ್ದೀಯ, ಅವರಿಂದ ಏನು ಬೇಕು, ಇಷ್ಟೇ. ಹೀಗೆ ಬರೆಯಬಹುದು:

‘ಮಾನ್ಯರೇ, ನಾನು ಇಂತಹ ಕಾಲೇಜಿನಲ್ಲಿ ಮೊದಲ ಪಿಯುಸಿ ಮುಗಿಸಿದ್ದೇನೆ. ನಮ್ಮ ಅಡಿಕೆ ತೋಟದಲ್ಲಿ ಎಲೆಚುಕ್ಕಿ ರೋಗ ಇದೆ. ಅಂಚಿನ ಮರಗಳಲ್ಲಿ ಹೆಚ್ಚೋ ಒಳಗಿನ ಮರಗಳಲ್ಲಿ ಹೆಚ್ಚೋ ಎಂದು 40 ಮರಗಳಲ್ಲಿ ಎಣಿಸಲು ಶುರು ಮಾಡಿದ್ದೇನೆ. ಒಂದು ವಾರದ ಪಟ್ಟಿ ಮತ್ತು ಫೋಟೊಗಳನ್ನು ಜೊತೆಗಿಟ್ಟಿದ್ದೇನೆ. ನಾನು ನೋಡುತ್ತಿರುವುದು ಎಲೆಚುಕ್ಕಿಯೇ ಅಥವಾ ಬೇರೆ ಕೊರತೆಯೇ, ನನ್ನ ಅಂಕ ಕೊಡುವ ರೀತಿ ಸರಿಯೇ ಎಂದು ತಿಳಿಯಬೇಕಿದೆ. ನಿಮ್ಮ ಬಿಡುವಿನಲ್ಲಿ ಅರ್ಧ ಗಂಟೆ ಸಿಕ್ಕರೆ ತಂದೆಯವರ ಜೊತೆ ಬಂದು ಕಾಣುತ್ತೇನೆ.’

ನೋಡು, ಇದರಲ್ಲಿ ಇಂಟರ್ನ್‌ಶಿಪ್ ಕೇಳಿಲ್ಲ. ಅರ್ಧ ಗಂಟೆ ಕೇಳಿದ್ದೀಯ. ಅದಕ್ಕೆ ಹೂಂ ಅನ್ನುವುದು ಸುಲಭ. ಒಂದು ವಾರದ ಪಟ್ಟಿ ಜೊತೆಗಿದ್ದರೆ ಇವಳು ಕೆಲಸ ಮಾಡುವವಳು ಅಂತ ಅವರಿಗೆ ಗೊತ್ತಾಗುತ್ತದೆ. ಹತ್ತು ದಿನದಲ್ಲಿ ಉತ್ತರ ಬರದಿದ್ದರೆ ನೇರವಾಗಿ ಹೋಗು. ಪ್ರಾಂಶುಪಾಲರಿಂದ ಎರಡು ಸಾಲಿನ ಪರಿಚಯ ಪತ್ರ ಇದ್ದರೆ ಇನ್ನೂ ಒಳ್ಳೆಯದು. ದೊಡ್ಡ ಸಂಸ್ಥೆಗೆ ಬರೆಯುವ ಮಕ್ಕಳಿಗೂ ಇದೇ ಮಾತು. ಪ್ರೊಫೆಸರ್ ಬದಲು ಅವರ ಲ್ಯಾಬಿನ ಪಿಎಚ್‌ಡಿ ವಿದ್ಯಾರ್ಥಿಗೆ ಬರೆಯಿರಿ. ನೂರು ಜನಕ್ಕೆ ಒಂದೇ ಪತ್ರ ಕಳಿಸಬೇಡಿ, ಓದಿದ ತಕ್ಷಣ ಗೊತ್ತಾಗುತ್ತದೆ.

ಬಿಸಿಲೂರು:

ನಾನು ಕಲಬುರಗಿ ಜಿಲ್ಲೆಯವಳು. ಎಸ್ಎಸ್ಎಲ್‌ಸಿ ಬರೆದಿದ್ದೇನೆ. ನೀವೆಲ್ಲ ತೋಟ, ಕೆರೆ, ಹಕ್ಕಿ ಅನ್ನುತ್ತೀರಿ. ನಮ್ಮ ಕಡೆ ಈಗ ಹೊರಗೆ ಕಾಲಿಡಲು ಆಗುವುದಿಲ್ಲ, ಅಷ್ಟು ಬಿಸಿಲು. ಒಬ್ಬಳನ್ನೇ ಬೆಂಗಳೂರಿಗೆ ಕಳಿಸುವುದೂ ಇಲ್ಲ. ಮನೆಯಲ್ಲೇ ಕೂತು ಏನಾದರೂ ಮಾಡಬಹುದಾ?

ಕೊಪ್ಪಳದ ಮೇಷ್ಟ್ರು:

ತಂಗಿ, ಆ ಬಿಸಿಲೇ ನಿನ್ನ ವಿಷಯ. ನಿಮ್ಮ ಓಣಿಯಲ್ಲಿ ಮಣ್ಣಿನ ಸೂರಿನ ಮಾಳಿಗೆ ಮನೆ ಇರುತ್ತದೆ, ಸೂರಿಗೆ ಶಹಾಬಾದ್ ಫರಸಿ ಕಲ್ಲು ಹಾಸಿದ ಮನೆ, ಆರ್‌ಸಿಸಿ ಮನೆ, ತಗಡಿನ ಮನೆ ಇರುತ್ತವೆ. ಯಾವುದರೊಳಗೆ ಎಷ್ಟು ಸೆಕೆ? ರಾತ್ರಿ ಯಾವುದು ಬೇಗ ತಣಿಯುತ್ತದೆ? ಮಾಳಿಗೆ ತಂಪು ಅಂತ ಅಜ್ಜಿಯರೆಲ್ಲ ಹೇಳುತ್ತಾರೆ. ಎಷ್ಟು ಡಿಗ್ರಿ ತಂಪು ಅಂತ ನೀನು ಅಳೆದು ಹೇಳು.

ಒಂದೇ ತರಹದ ನಾಲ್ಕು ಥರ್ಮಾಮೀಟರ್ ಬೇಕು. ಜ್ವರ ನೋಡುವುದಲ್ಲ, ಗೋಡೆಗೆ ಹಾಕುವುದು. ನಿಮ್ಮ ಶಾಲೆಯ ಲ್ಯಾಬಿನಲ್ಲಿ ಕೇಳಿ ನೋಡು. ಮೊದಲು ಒಂದು ರಾತ್ರಿ ನಾಲ್ಕನ್ನೂ ಒಂದೇ ಕೋಣೆಯಲ್ಲಿಡು. ಒಂದೊಂದು ಒಂದೊಂದು ಡಿಗ್ರಿ ತೋರಿಸಿದರೆ ಆ ವ್ಯತ್ಯಾಸ ಬರೆದುಕೊಂಡು ಆಮೇಲೆ ಕಳೆಯಬೇಕು. ಎಲ್ಲ ಮನೆಯಲ್ಲೂ ಒಂದೇ ಎತ್ತರ, ಬಿಸಿಲು ಬೀಳದ ಗೋಡೆ, ಒಲೆಯಿಂದ ದೂರ. ಬೆಳಗ್ಗೆ 6, ಮಧ್ಯಾಹ್ನ 2, ರಾತ್ರಿ 9. ಆಯಾ ಮನೆಯ ಮಕ್ಕಳೇ ನೋಡಿ ಬರೆಯಲಿ, ನೀನು ಮಧ್ಯಾಹ್ನ ತಿರುಗುವುದು ಬೇಡ. ಕಿಟಕಿ, ಬಾಗಿಲು, ಫ್ಯಾನು ಹೇಗಿತ್ತು ಅಂತಲೂ ಬರೆಯಬೇಕು. ಸೂರಿನ ದಪ್ಪವನ್ನು ಟೇಪಿನಿಂದ ಅಳೆ.

ಕಲಬುರಗಿಯಲ್ಲೇ ಜಿಲ್ಲಾ ವಿಜ್ಞಾನ ಕೇಂದ್ರ ಇದೆ, 1984ರಿಂದ. ಪಟ್ಟಿ ಸಿದ್ಧವಾದ ಮೇಲೆ ಅಲ್ಲಿಗೆ ಹೋಗಿ ತೋರಿಸು. ಇದನ್ನೇ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಒಯ್ಯಬಹುದು. ಮಾರ್ಗದರ್ಶಿ ಸಿಗದಿದ್ದರೆ ಇಲ್ಲೇ ಹೇಳು, ನಿಮ್ಮ ಜಿಲ್ಲೆಯ ಶಿಕ್ಷಕರನ್ನು ನಾನು ಹುಡುಕಿ ಕೊಡುತ್ತೇನೆ.

ಭೌತಶಾಸ್ತ್ರ ಉಪನ್ಯಾಸಕ:

ಇದು ನನ್ನ ವಿಷಯ, ಹಾಗಾಗಿ ಒಂದು ಮಾತು. ಮಗು, ಮಧ್ಯಾಹ್ನ ಎಷ್ಟು ಬಿಸಿ ಅನ್ನುವುದಕ್ಕಿಂತ ಅತಿ ಹೆಚ್ಚು ಬಿಸಿ ಯಾವ ಹೊತ್ತಿಗೆ ಬರುತ್ತದೆ ಅನ್ನುವುದನ್ನು ನೋಡು. ತಗಡು ತೆಳು, ತಕ್ಷಣ ಕಾಯುತ್ತದೆ, ತಕ್ಷಣ ಆರುತ್ತದೆ. ದಪ್ಪ ಮಣ್ಣಿನ ಮೂಲಕ ಶಾಖ ಒಳಗೆ ಬರಲು ಗಂಟೆಗಟ್ಟಲೆ ಬೇಕು. ಯಾವುದಾದರೂ ಎರಡು ದಿನ ಎರಡು ಮನೆಯಲ್ಲಿ ಮಾತ್ರ ಗಂಟೆಗೊಮ್ಮೆ ನೋಡಿ ಗ್ರಾಫ್ ಹಾಕಿದರೆ ಆ ತಡ ಕಣ್ಣಿಗೆ ಕಾಣುತ್ತದೆ. ಶಾಖದ ವಹನದ ಪಾಠ ಪಿಯುನಲ್ಲಿ ಬಂದಾಗ ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗ್ರಾಫ್ ಇಲ್ಲಿ ಹಾಕು, ನಾನು ನೋಡುತ್ತೇನೆ.

ಬಿಸಿಲೂರು:

ಸರ್, ನಮ್ಮದು ಮಾಳಿಗೆ ಮನೆ, ಕಾಕಾ ಅವರದ್ದು ಆರ್‌ಸಿಸಿ. ಗೆಳತಿಯದ್ದು ತಗಡು. ಫರಸಿ ಮನೆ ಹುಡುಕುತ್ತೇನೆ. ಥರ್ಮಾಮೀಟರ್ ಕೇಳಲು ನಾಳೆ ಶಾಲೆಗೆ ಹೋಗುತ್ತೇನೆ.

ತುಂಗಾತೀರ:

ಮಣ್ಣು_ನೀರು ಸರ್, ಚೀಟಿ ಎತ್ತಿ ಮರ ಆರಿಸಿದ್ದಾಯಿತು. ತಮ್ಮ ಎರಡನೇ ಅಂಕ ಕೊಡುತ್ತಾನೆ. ಪಟ್ಟಿಯಲ್ಲಿ ಮರದ ನಂಬರ್, ಅಂಚು ಅಥವಾ ಒಳಗೆ, ಒಟ್ಟು ಸೋಗೆ, ಚುಕ್ಕಿಯ ಸೋಗೆ, ನನ್ನ ಅಂಕ, ತಮ್ಮನ ಅಂಕ, ಟಿಪ್ಪಣಿ ಅಂತ ಹಾಕಿದ್ದೇನೆ. ಪತ್ರ ಬರೆದು ಪ್ರಾಂಶುಪಾಲರ ಸಹಿಗೆ ಕೊಟ್ಟಿದ್ದೇನೆ. ಮಂಗಳವಾರ ಅಪ್ಪ ಸೀಬಿನಕೆರೆಗೆ ಕರೆದುಕೊಂಡು ಹೋಗುತ್ತೇನೆ ಅಂದರು. ರೋಗದ ಸೋಗೆ ಒಂದು ತೆಗೆದುಕೊಂಡು ಹೋಗಲಾ?

ಮಣ್ಣು_ನೀರು:

ಪಟ್ಟಿ ಚೆನ್ನಾಗಿದೆ. ತಾರೀಖು ಮತ್ತು ಹೊತ್ತು ಸೇರಿಸು. ನಿನ್ನ ಪಟ್ಟಿ ತಮ್ಮನ ಕೈಗೆ ಸಿಗಬಾರದು, ಅವನಿಗೆ ಬೇರೆ ಹಾಳೆ ಕೊಡು. ತುದಿ ಕಾಣದ ಮರಕ್ಕೆ 0 ಅಂತ ಬರೆಯಬೇಡ, ‘ಕಾಣಲಿಲ್ಲ’ ಅಂತ ಬರೆ. ಎರಡೂ ಬೇರೆ ಬೇರೆ.

ಸೋಗೆ ಒಯ್ಯಬೇಡ, ಫೋಟೊ ಸಾಕು. ಮಾದರಿ ಬೇಕು ಅಂತ ಅವರು ಕೇಳಿದರೆ ಹೇಗೆ ಕಟ್ಟಿ ತರಬೇಕು ಅಂತ ಅವರೇ ಹೇಳಿಕೊಡುತ್ತಾರೆ. ಮಳೆ ಪುಸ್ತಕದ ಎರಡು ಪುಟದ ಫೋಟೊ ಜೊತೆಗಿರಲಿ, ಅವರಿಗೂ ಅದು ಬೇಕಾಗಬಹುದು. ಬೆಳಗ್ಗೆ 11ರೊಳಗೆ ಹೋಗಿ, ಮಧ್ಯಾಹ್ನ ಅವರು ತೋಟಗಳಿಗೆ ಹೊರಟುಬಿಡುತ್ತಾರೆ. ಬಂದ ಮೇಲೆ ಅವರು ಏನು ತಿದ್ದಿದರು ಅಂತ ಇಲ್ಲಿ ಬರೆ, ಮೇ ಮೊದಲ ವಾರದ ಎಣಿಕೆಗೆ ಅದನ್ನೂ ಸೇರಿಸಿಕೊಳ್ಳೋಣ.